ರಿಜಿಸ್ಟರು ಯಾರ ಸ್ವತ್ತು?

ಕೊಡಗಿನಲ್ಲಿ ಜಮ್ಮಾ ಬಾಣೆಯ ಪ್ರಸ್ತಾಪ ಬಂದರೆ ಹಕ್ಕಿನ ಮಾತು ಎರಡಾಗಿ ಸೀಳುತ್ತದೆ. ಗದ್ದೆಗೆ ಸೇರಿದ ಆ ಕಾಡುದಿಣ್ಣೆಯಲ್ಲಿ ಮನೆಯವರು ದನ ಮೇಯಿಸಬಹುದು, ಸೊಪ್ಪು ಸೌದೆ ತರಬಹುದು. ಆದರೆ 1899ರ ಕೊಡಗು ಭೂ ಮತ್ತು ಕಂದಾಯ ರೆಗ್ಯುಲೇಷನ್ನಿನ ಕಾಲದಿಂದ ಬಂದ ಕ್ರಮದಲ್ಲಿ, ಬೆಲೆ ಕಟ್ಟಿ ಬಿಡಿಸಿಕೊಳ್ಳದ ‘ಅನ್‌ರಿಡೀಮ್ಡ್’ ಬಾಣೆಯ ಮರದ ಹಕ್ಕು ಸರ್ಕಾರದ್ದು. ಕಂಪ್ಯೂಟರಿನ ಪ್ರೊಸೆಸರ್ ಒಳಗೆ ಬೆಲೆಗಳನ್ನು ಹಿಡಿದಿಡುವ ರಿಜಿಸ್ಟರುಗಳಲ್ಲೂ ಒಡೆತನ ಹೀಗೇ ಹಂಚಿಹೋಗಿದೆ. ಎಕ್ಸ್86 ಚಿಪ್ಪಿನ ಫ್ಲ್ಯಾಗ್ಸ್ ರಿಜಿಸ್ಟರನ್ನೇ ನೋಡಿ: ಕೂಡಿ ಕಳೆದಾಗ ಬದಲಾಗುವ ಬಿಟ್‌ಗಳು ನಮ್ಮ ಪ್ರೋಗ್ರಾಮಿನವು, ಅಡಚಣೆಗಳನ್ನು (ಇಂಟರಪ್ಟ್) ತಡೆಹಿಡಿಯುವ ಬಿಟ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನದು. ಸಾಮಾನ್ಯ ಪ್ರೋಗ್ರಾಂ ಅದನ್ನು ಪಾಪ್‌ಎಫ್ ಆದೇಶದಿಂದ ಬದಲಿಸಹೋದರೆ ಪ್ರೊಸೆಸರ್ ತಪ್ಪೆಂದೂ ಹೇಳದೆ ಸುಮ್ಮನೆ ಕಡೆಗಣಿಸುತ್ತದೆ. ಪ್ರೋಗ್ರಾಮಿನ ದೋಷ ಹುಡುಕುವ ಡಿಬಗರ್, ಪಿಟ್ರೇಸ್ ಎಂಬ ಸೌಲಭ್ಯದ ಮೂಲಕ ಹೊಸ ಬೆಲೆ ಕೊಟ್ಟಾಗಲೂ ಕರ್ನಲ್ ಬಳಕೆದಾರನ ಬಿಟ್‌ಗಳನ್ನಷ್ಟೇ ಬರೆದು ತನ್ನವನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ.

ಈ ಗಡಿ ಒಮ್ಮೆ ಸರಿದ ಕಥೆ ಎಫ್‌ಎಸ್, ಜಿಎಸ್ ರಿಜಿಸ್ಟರುಗಳದು. 64 ಬಿಟ್ ಲಿನಕ್ಸ್‌ನಲ್ಲಿ ಪ್ರತಿಯೊಂದು ಥ್ರೆಡ್ಡಿನ ಖಾಸಗಿ ದತ್ತಾಂಶ ಎಲ್ಲಿದೆಯೆಂದು ತೋರಿಸುವುದು ಎಫ್‌ಎಸ್. ಕರ್ನಲ್ ತನ್ನ ಪ್ರತಿ ಸಿಪಿಯುವಿನ ದತ್ತಾಂಶ ಹಿಡಿಯುವುದು ಜಿಎಸ್‌ನಿಂದ. ಇವುಗಳ ನೆಲೆವಿಳಾಸ ಬದಲಿಸಲು ಪ್ರೋಗ್ರಾಮುಗಳು ಸಿಸ್ಟಂ ಕಾಲ್ ಎಂಬ ಕೋರಿಕೆ ಸಲ್ಲಿಸಿ ಕರ್ನಲ್‌ನ ಕೈಯನ್ನೇ ಕಾಯಬೇಕಿತ್ತು. 2012ರ ಐವಿ ಬ್ರಿಡ್ಜ್ ಚಿಪ್ಪಿನೊಂದಿಗೆ ಇಂಟೆಲ್, ಪ್ರೋಗ್ರಾಮೇ ನೇರವಾಗಿ ಬರೆಯಬಲ್ಲ ಆದೇಶಗಳನ್ನು ಕೊಟ್ಟಿತು. ಆದರೆ ಬೀಗ ಕರ್ನಲ್‌ನ ಬಳಿಯೇ ಉಳಿಯಿತು: ಸಿಆರ್4 ರಿಜಿಸ್ಟರಿನ 16ನೇ ಬಿಟ್ ಹಚ್ಚಿದರೆ ಮಾತ್ರ ಅವು ನಡೆಯುತ್ತವೆ. ಲಿನಕ್ಸ್ ಅದನ್ನು ಹಚ್ಚಲು ಎಂಟು ವರ್ಷ ಹಿಡಿಯಿತು.

ಚಿಪ್ಪಿನಲ್ಲೇ ಇರುವ ಸೌಲಭ್ಯವನ್ನು ಇಷ್ಟು ಕಾಲ ತಡೆದದ್ದು ಅನ್ಯಾಯವಲ್ಲವೇ ಎಂದು ಕೇಳಬಹುದು. ಸಿಸ್ಟಂ ಕಾಲ್‌ನ ದಂಡವನ್ನು ಪ್ರೋಗ್ರಾಮುಗಳು ತೆರುತ್ತಲೇ ಇದ್ದವು, ಆ ದೂರು ಸುಳ್ಳಲ್ಲ. ಆದರೂ ತಡೆದದ್ದು ಸರಿ ಎಂಬುದೇ ನನ್ನ ನಿಲುವು. ಪ್ರೊಸೆಸರ್ ಕರ್ನಲ್‌ನೊಳಗೆ ಬರುವ ಕೆಲವು ಅಪಾಯಕಾರಿ ಪ್ರವೇಶದಾರಿಗಳಲ್ಲಿ ಕರ್ನಲ್ ‘ನಾನೀಗ ಯಾರ ಜಿಎಸ್ ಹಿಡಿದಿದ್ದೇನೆ’ ಎಂದು ತಿಳಿಯುತ್ತಿದ್ದದ್ದು ಅದರ ಬೆಲೆ ಋಣವೋ ಧನವೋ ಎಂದು ನೋಡಿ, ಋಣವಾದರೆ ಕರ್ನಲ್‌ನದು. ಬಳಕೆದಾರ ಋಣ ಬೆಲೆ ಬರೆಯಲಾರ ಎಂಬ ನಂಬಿಕೆಯ ಮೇಲೆ ಆ ಪರೀಕ್ಷೆ ನಿಂತಿತ್ತು. ಹೊಸ ಆದೇಶ ಕೊಟ್ಟ ಕ್ಷಣವೇ ಆ ನಂಬಿಕೆ ಕುಸಿಯುತ್ತಿತ್ತು, ಬಳಕೆದಾರ ಹಾಕಿದ ವಿಳಾಸವನ್ನು ಕರ್ನಲ್ ತನ್ನದೆಂದು ನಂಬಿಬಿಡುತ್ತಿತ್ತು. ಥ್ರೆಡ್ ಬದಲಾಯಿಸುವಾಗಲೂ ತೊಡಕಿತ್ತು. ಮೊದಲು ತಾನೇ ಬರೆದ ಬೆಲೆ ಕರ್ನಲ್‌ಗೆ ಗೊತ್ತಿರುತ್ತಿತ್ತು. ಇನ್ನು ಪ್ರತಿ ಸಲವೂ ಓದಿ ಉಳಿಸಬೇಕು. 2019ರಲ್ಲಿ ಸೇರಿಸಿದ ಬದಲಾವಣೆಗಳನ್ನು ದೋಷ ಕಂಡು ಹಿಂದಕ್ಕೆ ತೆಗೆಯಬೇಕಾಯಿತು. ಅಷ್ಟರಲ್ಲಿ ತಾಳ್ಮೆಗೆಟ್ಟು ಹೊರಗಿನ ಮಾಡ್ಯೂಲಿನಿಂದ ಆ ಬಿಟ್ ಹಚ್ಚಿಕೊಂಡವರೂ ಇದ್ದರು. ಪ್ರವೇಶದಾರಿ ತಿದ್ದದೆ ಹಾಗೆ ಮಾಡುವುದೆಂದರೆ ಯಾವ ಸಾಮಾನ್ಯ ಬಳಕೆದಾರನಿಗೂ ಯಂತ್ರದ ಪೂರ್ಣ ಅಧಿಕಾರ ಸಿಗುವ ಕಿಂಡಿ ತೆರೆದಂತೆ.

ಕೊನೆಗೆ ಪ್ರವೇಶದಾರಿಯನ್ನೇ ಹೊಸದಾಗಿ ಬರೆದರು: ಋಣಧನದ ಗೊಡವೆ ಬಿಟ್ಟು, ಇದ್ದ ಜಿಎಸ್ ಬೆಲೆಯನ್ನು ಉಳಿಸಿಟ್ಟು, ಸಿಪಿಯುವಿನ ಸಂಖ್ಯೆಯಿಂದ ತನ್ನ ವಿಳಾಸ ಹುಡುಕಿ, ಹೋಗುವಾಗ ಹಳೆಯದನ್ನು ಮರಳಿ ಇಡುವುದು. 2020ರ ಅಕ್ಟೋಬರ್ 11ರಂದು ಬಂದ ಲಿನಕ್ಸ್ 5.9ರಲ್ಲಿ ಆ ಬಿಟ್ ಹತ್ತಿತು. ಚಿಪ್ಪಿನಲ್ಲಿ ಸೌಲಭ್ಯವಿದೆಯೇ ಎಂದು ಸಿಪಿಯುಐಡಿ ಆದೇಶ ಹೇಳಬಲ್ಲದು, ಬಳಸಲು ಅನುಮತಿಯಿದೆಯೇ ಎಂದು ಹೇಳಲಾರದು. ಆದ್ದರಿಂದ ಪ್ರೋಗ್ರಾಂ ಬರೆಯುವವರು ಕರ್ನಲ್ ತಾನೇ ಒದಗಿಸುವ ಎಚ್‌ಡಬ್ಲ್ಯುಕ್ಯಾಪ್2 ಮಾಹಿತಿಯ ಮೂಲಕ ಅದನ್ನೇ ಕೇಳಿ ಮುಂದುವರಿಯಲಿ.