ಒಬ್ಬರಿಂದಾಗದ ಅಳತೆ

ಭೂಮಿಯ ಸುತ್ತಳತೆಯನ್ನು ಗಣಿಸಿದವರಲ್ಲಿ ಪ್ರಾಚೀನನೆಂದು ಪ್ರಸಿದ್ಧನಾದ ಎರಟೋಸ್ಥನೀಸನಿಗೆ, ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ, ತಾನಿದ್ದ ಅಲೆಕ್ಸಾಂಡ್ರಿಯದ ನೆರಳೊಂದೇ ಸಾಲದೆ, ದೂರದ ಸಯೀನ್ ಪಟ್ಟಣದಲ್ಲಿ ವರ್ಷದ ಒಂದು ಮಧ್ಯಾಹ್ನ ಸೂರ್ಯನು ಬಾವಿಯ ತಳವನ್ನೇ ಬೆಳಗುವನೆಂಬ ವಾರ್ತೆಯೂ ಬೇಕಾಯಿತು. ಭೂಮಿಯನ್ನೂ ಗ್ರಹಗಳನ್ನೂ ಕುರಿತ ಶಾಸ್ತ್ರಗಳ ಸ್ವಭಾವವೇ ಇಂತಹುದು. ಅವುಗಳ ವಿಷಯವು ಒಬ್ಬನ ದೃಷ್ಟಿಗಿಂತ ವಿಸ್ತಾರವಾದುದು, ಒಬ್ಬನ ವಿದ್ಯಾರ್ಥಿದಶೆಗಿಂತ ದೀರ್ಘವಾದುದು. ಆದುದರಿಂದ ಪದವಿ ತರಗತಿಯ ವಿದ್ಯಾರ್ಥಿಗಳು ತಾವೇ ಕೂಡಿ ಕಟ್ಟಿಕೊಳ್ಳುವ ಸಂಘವನ್ನು ಈ ಶಾಸ್ತ್ರಗಳ ಉಪಕರಣಗಳಲ್ಲಿ ಒಂದೆಂದು ಎಣಿಸುವುದೇ ಯುಕ್ತವೆಂದು ನನ್ನ ಮತ.

ಮಂಗಳೂರಿಗರಿಗೆ ಇದರ ಸಮೀಪದ ನಿದರ್ಶನ, 1997ರವರೆಗೆ ನಮ್ಮ ಜಿಲ್ಲೆಗೇ ಸೇರಿದ್ದ ಉಡುಪಿಯಲ್ಲಿ ಉಂಟು. ಅದಮಾರು ಮಠದ ಶ್ರೀ ವಿಬುಧೇಶತೀರ್ಥರು 1960ರಲ್ಲಿ ಸ್ಥಾಪಿಸಿದ ಪೂರ್ಣಪ್ರಜ್ಞ ಕಾಲೇಜಿನಲ್ಲಿ, ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಡಾ. ಎ.ಪಿ. ಭಟ್ಟರ ಮಾರ್ಗದರ್ಶನದಲ್ಲಿ ಬೆಳೆದು ಬಂದ ಹವ್ಯಾಸಿ ಖಗೋಳವೀಕ್ಷಕರ ಸಂಘವು, ಗ್ರಹಣವೋ ಗ್ರಹಗಳ ಯುತಿಯೋ ಒದಗಿದಾಗಲೆಲ್ಲ ದೂರದರ್ಶಕವನ್ನು ಹೊರಗಿರಿಸಿ, ಊರ ಜನರಿಗೆ ಆಕಾಶವನ್ನು ತೋರಿಸಿ ವಿವರಿಸುತ್ತದೆ. ಮಂಗಳೂರಿನಲ್ಲಿ ಇಂತಹ ಕೂಟಕ್ಕೆ ಆಶ್ರಯಸ್ಥಾನಗಳಿಗೇನೂ ಕೊರತೆಯಿಲ್ಲ. ಪಿಲಿಕುಳದಲ್ಲಿ 2018ರಿಂದ ಸ್ವಾಮಿ ವಿವೇಕಾನಂದ ತಾರಾಲಯವಿದೆ. ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ ಸಾಗರ ಭೂವಿಜ್ಞಾನಕ್ಕೆಂದೇ ಒಂದು ಸ್ನಾತಕೋತ್ತರ ವಿಭಾಗವಿದೆ. ಆದರೆ ತಾರಾಲಯದ ಗುಮ್ಮಟಕ್ಕೂ ಸ್ನಾತಕೋತ್ತರ ಪ್ರಯೋಗಶಾಲೆಗೂ ನಡುವೆ, ಇನ್ನೂ ಪದವಿಯ ಹೊಸ್ತಿಲಲ್ಲಿರುವ ಹುಡುಗ ಹುಡುಗಿಯರು ತಮ್ಮ ಕೈಯಿಂದಲೇ ಅಳೆದು, ತಪ್ಪಿ, ಮತ್ತೆ ಅಳೆದು ಕಲಿಯತಕ್ಕ ಎಡೆಯೊಂದು ಬೇಕು. ವಿದ್ಯಾರ್ಥಿಸಂಘವು ಆ ಎಡೆಯನ್ನು ತುಂಬುತ್ತದೆ.

ಅಂತಹ ಸಂಘಕ್ಕೆ ಪ್ರಥಮ ಪಾಠವಾಗಿ ಶೂನ್ಯ ನೆರಳಿನ ದಿನಕ್ಕಿಂತ ಉತ್ತಮವಾದುದಿಲ್ಲ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಣ ಪ್ರತಿಯೊಂದು ಊರಿನಲ್ಲಿಯೂ ವರ್ಷಕ್ಕೆರಡು ಬಾರಿ ಸೂರ್ಯನು ಮಧ್ಯಾಹ್ನ ನೆತ್ತಿಯ ನೇರಕ್ಕೆ ಬರುತ್ತಾನೆ; ಮಂಗಳೂರಿನಲ್ಲಿ ಅದು ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಸಂಭವಿಸುತ್ತದೆ. ಆಗಸ್ಟಿನದು ಮಳೆಗಾಲದ ಮೋಡಕ್ಕೆ ಆಹುತಿಯಾಗುವ ಸಂಭವವೇ ಹೆಚ್ಚಾದುದರಿಂದ ಏಪ್ರಿಲ್ ತಿಂಗಳಿನದೇ ನಮಗೆ ಗತಿ. ಅಂದು 12 ಗಂಟೆ 29 ನಿಮಿಷದ ಹೊತ್ತಿಗೆ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಕೋಲಿನ ಬುಡದಲ್ಲಿಯೇ ಅಡಗುತ್ತದೆ. ಹೆಚ್ಚುಕಡಮೆ ಅದೇ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿ ಇದು ಸುಮಾರು 11 ನಿಮಿಷ ಮೊದಲೇ ನಡೆದುಹೋಗಿರುತ್ತದೆ. ಭೂಮಿಯು ತಿರುಗುವ ವೇಗವನ್ನು ಎರಡೂ ಊರಿನ ಗಡಿಯಾರಗಳನ್ನು ಕೂಡಿಸಿ ನೋಡಿದವನು ಮಾತ್ರ ಕಾಣಬಲ್ಲ. ಸುತ್ತಳತೆಯನ್ನು ಗಣಿಸಬೇಕಾದರೆ ದಕ್ಷಿಣೋತ್ತರವಾಗಿ ದೂರದಲ್ಲಿರುವ ಸಂಗಾತಿ ಬೇಕು. ಅದೇ ದಿನ ಉಡುಪಿಯಲ್ಲಿ ಒಂದು ಮೀಟರ್ ಎತ್ತರದ ಕೋಲಿನ ಮಧ್ಯಾಹ್ನದ ನೆರಳು ಕೇವಲ 8 ಮಿಲಿಮೀಟರ್. ಅಂಚು ಮಸುಕಾದ ಆ ನೆರಳನ್ನು ನೆಚ್ಚುವಂತಿಲ್ಲ. ಕಲಬುರಗಿಯಲ್ಲಾದರೋ ಅದು ಸುಮಾರು 8 ಸೆಂಟಿಮೀಟರ್. ಅದರಿಂದ ದೊರೆಯುವ ಕೋನ ನಾಲ್ಕೂವರೆ ಡಿಗ್ರಿಗೆ ತುಸು ಕಡಮೆ. ಮಂಗಳೂರು ಕಲಬುರಗಿಗಳ ದಕ್ಷಿಣೋತ್ತರ ಅಂತರ ಸುಮಾರು 495 ಕಿಲೋಮೀಟರ್. ಇವೆರಡರಿಂದ ಭೂಮಿಯ ಸುತ್ತಳತೆಯಾದ 40,000 ಕಿಲೋಮೀಟರಿನ ಸಮೀಪಕ್ಕೆ ಯಾವ ವಿದ್ಯಾರ್ಥಿಯಾದರೂ ತಲುಪಬಲ್ಲನು.

ಆಕಾಶದಿಂದ ಕಡಲ ಕರೆಗೆ ಇಳಿದರೂ ಜೊತೆಗಾರನ ಅಗತ್ಯ ತಪ್ಪದು. ಉಳ್ಳಾಲ, ಸೋಮೇಶ್ವರಗಳ ಕಡಲ್ಕೊರೆತದ ಸುದ್ದಿ ಪ್ರತಿ ಮಳೆಗಾಲದಲ್ಲಿಯೂ ಪತ್ರಿಕೆಗಳಲ್ಲಿ ಬರುತ್ತದೆ. ಮುಂಗಾರಿನ ಅಲೆಗಳು ಕೊಂಡೊಯ್ದ ಮರಳಿನಲ್ಲಿ ಬಹುಭಾಗವನ್ನು ಮಳೆ ನಿಂತ ಬಳಿಕದ ಶಾಂತವಾದ ಅಲೆಗಳು ಮರಳಿಸುತ್ತವೆಂಬುದು ಅಷ್ಟಾಗಿ ಸುದ್ದಿಯಾಗುವುದಿಲ್ಲ. ಹೋದುದೆಷ್ಟು, ಬಂದುದೆಷ್ಟು ಎಂಬುದನ್ನು ತಿಳಿಯಲು 1961ರಲ್ಲಿ ಎಮರಿ ಎಂಬ ಅಮೆರಿಕದ ಸಾಗರವಿಜ್ಞಾನಿ ಪ್ರಕಟಿಸಿದ ಸರಳೋಪಾಯವೊಂದಿದೆ. ಅಳತೆಯ ಗೆರೆಗಳುಳ್ಳ ಎರಡು ಕೋಲುಗಳನ್ನು ಗೊತ್ತಾದ ಉದ್ದದ ಹಗ್ಗದಿಂದ ಜೋಡಿಸಿ, ಒಬ್ಬನು ನೀರಿನ ಕಡೆಗೂ ಇನ್ನೊಬ್ಬನು ನೆಲದ ಕಡೆಗೂ ನಿಂತು, ದಿಗಂತರೇಖೆಯನ್ನೇ ಸಮತಳವಾಗಿ ಹಿಡಿದು, ಹೆಜ್ಜೆಹೆಜ್ಜೆಗೂ ಮರಳಿನ ಏರಿಳಿತವನ್ನು ಬರೆದುಕೊಳ್ಳುವುದು. ವೆಚ್ಚ ಅತ್ಯಲ್ಪ, ಬೇಕಾದವರು ಇಬ್ಬರು, ಮೂರನೆಯವನು ಲೇಖಕ.

ಶಿಲೆಗಳ ವಿಷಯದಲ್ಲಿ ನಮ್ಮ ಕರಾವಳಿಯ ಐಶ್ವರ್ಯವನ್ನು ಹೇಳಿ ತೀರಿಸಲಾಗದು. ಬಜಪೆಯ ವಿಮಾನಗಳು ಇಳಿಯುವ ಪದವೂ ಮನೆಮನೆಯ ಗೋಡೆಯೂ ಒಂದೇ ಮುರಕಲ್ಲು: ಯುಗಯುಗಾಂತರಗಳ ಮಳೆಯು ಬಂಡೆಯ ಸಿಲಿಕಾಂಶವನ್ನು ತೊಳೆದೊಯ್ದು, ಕಬ್ಬಿಣವನ್ನೂ ಅಲ್ಯೂಮಿನಿಯಮನ್ನೂ ಹಿಂದುಳಿಸಿದುದರ ಫಲ. ಅಗೆಯುವಾಗ ಮೃದುವಾಗಿದ್ದು ಗಾಳಿಗೊಡ್ಡಿದ ಮೇಲೆ ಗಟ್ಟಿಯಾಗುವ ಇದರ ಗುಣವನ್ನು ಫ್ರಾನ್ಸಿಸ್ ಬುಕಾನನ್ನನು ಮಲಬಾರಿನಲ್ಲಿ ಕಂಡು 1807ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಗ್ರಂಥದಲ್ಲಿ ವರ್ಣಿಸಿದನು. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸಿಗುವ ಸೈಂಟ್ ಮೇರೀಸ್ ದ್ವೀಪದ ಕಂಬಶಿಲೆಗಳು, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾದ ಸಾಕ್ಷಿಗಳು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಅವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಇವೆಲ್ಲವೂ ಒಂದು ದಿನದ ಪ್ರವಾಸದ ವ್ಯಾಪ್ತಿಯಲ್ಲಿಯೇ ಇವೆ.

ಆದರೆ ಸಂಘದ ನಿಜವಾದ ಸತ್ತ್ವಪರೀಕ್ಷೆಯಾಗುವುದು ಕಾಲದಲ್ಲಿ. ಪದವಿಯ ಅವಧಿ ಮೂರು ವರ್ಷ. ಸೂರ್ಯನ ಕಲೆಗಳ ಆವರ್ತನ ಸುಮಾರು 11 ವರ್ಷ. ಕರಾವಳಿಯ ಮರಳಿನ ಲೆಕ್ಕಕ್ಕೆ ಒಂದೆರಡು ಮಳೆಗಾಲ ಏನೇನೂ ಸಾಲದು. 2019ರ ಡಿಸೆಂಬರ್ 26ರಂದು ಮಂಗಳೂರು ಕಾಸರಗೋಡುಗಳ ಆಕಾಶದಲ್ಲಿ ಕಂಕಣಗ್ರಹಣವನ್ನು ನೋಡಿದ ಕಾಲೇಜು ವಿದ್ಯಾರ್ಥಿಗಳು ಈಗ ಉದ್ಯೋಗಸ್ಥರು. 2031ರ ಮೇ 21ರಂದು ಕೇರಳ ತಮಿಳುನಾಡುಗಳ ಮೇಲೆ ಹಾಯುವ ಕಂಕಣವನ್ನು ನೋಡಲು ಹೊರಡುವವರು ಇಂದು ಶಾಲೆಯ ಬಾಲಕರು. ಯಕ್ಷಗಾನದ ಮೇಳದಲ್ಲಿ ವೇಷಧಾರಿಗಳು ಬದಲಾದರೂ ತಿರುಗಾಟ ನಿಲ್ಲದಿರುವಂತೆ, ಒಂದು ತಂಡದವರು ಅಳೆದುದನ್ನು ಇನ್ನೊಂದು ತಂಡದವರು ಅದೇ ಸ್ಥಳದಲ್ಲಿ, ಅದೇ ಕ್ರಮದಲ್ಲಿ ಮುಂದುವರಿಸುವ ವ್ಯವಸ್ಥೆಯಿದ್ದರೆ ಮಾತ್ರ ಈ ಅಂತರವನ್ನು ದಾಟಬಹುದು.

ಹೊಸದಾಗಿ ಇಂತಹ ಸಂಘವನ್ನು ಕಟ್ಟಬಯಸುವ ಕಾಲೇಜು ದೂರದರ್ಶಕಕ್ಕೆ ಹಣ ಕೂಡಿಸುವುದಕ್ಕೆ ಮೊದಲು ಒಂದು ದಪ್ಪ ದಾಖಲೆಪುಸ್ತಕವನ್ನು ಕೊಂಡುಕೊಳ್ಳಲಿ. ಎಲ್ಲಿ, ಯಾವಾಗ, ಯಾರು, ಯಾವ ಸಾಧನದಿಂದ ಅಳೆದರು ಎಂಬುದನ್ನು ಅದರಲ್ಲಿ ಬರೆಯದೆ ಯಾವ ಅಳತೆಯೂ ಮುಗಿಯಿತೆಂದು ಭಾವಿಸದಿರಲಿ. ಅಧ್ಯಕ್ಷ ಕಾರ್ಯದರ್ಶಿಗಳ ಚುನಾವಣೆ ಹೇಗಾದರೂ ನಡೆಯಲಿ. ಆ ಪುಸ್ತಕದ ಪಾಲನೆಯನ್ನು ಮಾತ್ರ ಪ್ರಥಮ ವರ್ಷದ ವಿದ್ಯಾರ್ಥಿಗೇ ಒಪ್ಪಿಸುವುದು ವಿವೇಕ, ಏಕೆಂದರೆ ಇನ್ನೂ ಎರಡು ಮಳೆಗಾಲ ಕಾಲೇಜಿನಲ್ಲಿಯೇ ಇರುವವನು ಅವನೊಬ್ಬನೇ.