ಗಂಡಿಗೆ ಎಫ್‌ಎಸ್‌ಎಚ್ ಬೇಕೆ? ಮಂಗ ಹೇಳಿದ್ದು, ಇಲಿ ಹೇಳಿದ್ದು

ಮೂಡಿಗೆರೆ, ಕಳಸದ ಕಡೆ ಬೆಳೆಗಾರರು ನಾಲ್ಕು ಜನ ಸೇರಿದರೆ ಮಂಗಗಳ ಮಾತು ಬಂದೇ ಬರುತ್ತದೆ. ಏಲಕ್ಕಿ, ಬಾಳೆ, ಕಾಫಿ ಹಣ್ಣು ಯಾವುದನ್ನೂ ಬಿಡುವುದಿಲ್ಲ, ಹಿಡಿದು ಸಂತಾನಹರಣ ಮಾಡಿಸಿ ಎನ್ನುವ ಬೇಡಿಕೆ ಹಳೆಯದು. ತಲೆಯ ಮೇಲೆ ಟೋಪಿಯ ಹಾಗೆ ಕೂದಲು ಹರಡಿಕೊಂಡ ಈ ಮಂಗ ದಕ್ಷಿಣ ಭಾರತದ ಸ್ವಂತ ಪ್ರಾಣಿ. ಶಾಸ್ತ್ರೀಯ ಹೆಸರು ಮಕಾಕಾ ರೇಡಿಯಾಟಾ. ಗಂಡಿನ ವೃಷಣ ಯಾರ ಮಾತು ಕೇಳಿ ವೀರ್ಯಾಣು ತಯಾರಿಸುತ್ತದೆ ಎಂಬ ಪ್ರಶ್ನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವರ್ಷಗಟ್ಟಲೆ ಕೆದಕಿದ್ದು ಇದೇ ಜಾತಿಯ ಮಂಗಗಳಲ್ಲಿ.

ವೃಷಣದ ಒಳಗೆ ಕೆಲಸ ಎರಡು, ಜಾಗವೂ ಎರಡು. ಸುರುಳಿ ಸುತ್ತಿದ ಸಣ್ಣ ನಳಿಕೆಗಳಲ್ಲಿ ವೀರ್ಯಾಣು ಹುಟ್ಟುತ್ತದೆ. ಅವನ್ನು ಅಲ್ಲಿ ಪೋಷಿಸುವ ಕೋಶಗಳನ್ನು 1865ರಲ್ಲಿ ಇಟಲಿಯ ಎನ್ರಿಕೊ ಸರ್ಟೋಲಿ ಗುರುತಿಸಿದ. ನಳಿಕೆಗಳ ನಡುವಿನ ಸಂದಿಗಳಲ್ಲಿರುವ ಕೋಶಗಳನ್ನು ಜರ್ಮನಿಯ ಫ್ರಾಂಜ್ ಲೇಡಿಗ್ 1850ರಲ್ಲೇ ಕಂಡಿದ್ದ. ಟೆಸ್ಟೋಸ್ಟೆರಾನ್ ತಯಾರಾಗುವುದು ಅಲ್ಲಿ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಲೇಡಿಗ್ ಕೋಶಗಳಿಗೆ ಎಲ್‌ಎಚ್, ಸರ್ಟೋಲಿ ಕೋಶಗಳಿಗೆ ಎಫ್‌ಎಸ್‌ಎಚ್ ಎಂಬ ಹಾರ್ಮೋನು ಕಳಿಸುತ್ತದೆ.

ತೊಡಕು ಬಂದದ್ದು 1930ರ ದಶಕದಲ್ಲಿ. ಪಿಟ್ಯುಟರಿ ತೆಗೆದುಹಾಕಿದ ಇಲಿಗಳಿಗೆ ಟೆಸ್ಟೋಸ್ಟೆರಾನ್‌ನಂಥ ಗಂಡು ಹಾರ್ಮೋನನ್ನಷ್ಟೇ ಕೊಟ್ಟರೂ ವೀರ್ಯಾಣು ಹುಟ್ಟುವುದು ನಿಲ್ಲಲಿಲ್ಲ. ಹಾಗಾದರೆ ಬೆಳೆದ ಗಂಡಿಗೆ ಎಫ್‌ಎಸ್‌ಎಚ್ ಯಾಕೆ?

ಬೆಂಗಳೂರಿನ ಇದೇ ಸಂಸ್ಥೆಯ ಎನ್. ಆರ್. ಮೌದ್ಗಲ್ ಈ ಪ್ರಶ್ನೆಯನ್ನು ಬೇರೆ ದಾರಿಯಿಂದ ಹಿಡಿದರು. 1960ರ ದಶಕದ ಆರಂಭದಲ್ಲಿ ಅವರು ಬರ್ಕ್ಲಿಯ ಸಿ. ಎಚ್. ಲೀ ಜೊತೆ ಪಿಟ್ಯುಟರಿ ಹಾರ್ಮೋನುಗಳಿಗೆ ಪ್ರತಿಕಾಯ ತಯಾರಿಸುವ ಕೆಲಸ ಮಾಡಿದ್ದರು. ಗ್ರಂಥಿಯನ್ನೇ ಕಿತ್ತರೆ ಹಲವು ಹಾರ್ಮೋನು ಒಟ್ಟಿಗೆ ಹೋಗುತ್ತವೆ, ಯಾವುದರ ಕೊರತೆಯಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಪ್ರತಿಕಾಯವಾದರೆ ರಕ್ತದಲ್ಲಿ ತನಗೆ ಬೇಕಾದ ಒಂದನ್ನು ಮಾತ್ರ ಹಿಡಿದು ನಿಲ್ಲಿಸುತ್ತದೆ. 1979ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೆಳೆದ ಗಂಡು ಮಂಗಗಳಿಗೆ ಎಫ್‌ಎಸ್‌ಎಚ್ ವಿರುದ್ಧದ ಸಿದ್ಧ ಪ್ರತಿಕಾಯ ಕೊಟ್ಟರು. ಆಮೇಲೆ ಕುರಿಯ ಎಫ್‌ಎಸ್‌ಎಚ್ ಅನ್ನೇ ಲಸಿಕೆಯಾಗಿ ಚುಚ್ಚಿದರು. ಮಂಗದ ದೇಹ ತಾನೇ ಪ್ರತಿಕಾಯ ಮಾಡಿಕೊಂಡು ತನ್ನ ಎಫ್‌ಎಸ್‌ಎಚ್ ಅನ್ನೂ ಕಟ್ಟಿಹಾಕುತ್ತಿತ್ತು.

ಇಡೀ ಕೆಲಸದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಟೆಸ್ಟೋಸ್ಟೆರಾನ್ ಅಳೆದ ರೀತಿ. ಅದು ಇಳಿದಿಲ್ಲ ಎಂದು ತೋರಿಸದಿದ್ದರೆ ವಾದವೇ ಬಿದ್ದುಹೋಗುತ್ತಿತ್ತು, ಯಾಕೆಂದರೆ ವೀರ್ಯಾಣು ಕಡಿಮೆಯಾದದ್ದಕ್ಕೆ ಅದೇ ಕಾರಣ ಎನ್ನಬಹುದಿತ್ತು. ಆದರೆ ಗಂಡು ಮಂಗದಲ್ಲಿ ಅದರ ಮಟ್ಟ ಹಗಲಿನಂತೆ ರಾತ್ರಿ ಇರುವುದಿಲ್ಲ. ರಾತ್ರಿ ಹೊತ್ತು ಅದು ಏರುತ್ತದೆ. ಈ ಹಗಲು-ರಾತ್ರಿಯ ಏರಿಳಿತದ ಬಗ್ಗೆ ಮೌದ್ಗಲ್ ಮತ್ತು ಸಂಗಡಿಗರು 1976ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರು. ಬೆಳಗ್ಗೆ ಒಮ್ಮೆ ರಕ್ತ ತೆಗೆದು ಸಮಾಧಾನಪಟ್ಟಿದ್ದರೆ ಅರ್ಧ ಸತ್ಯವಷ್ಟೇ ಸಿಗುತ್ತಿತ್ತು. ರಾತ್ರಿಯ ರಕ್ತವನ್ನೂ ನೋಡಿದರು. ಲಸಿಕೆ ಪಡೆದ ಮಂಗಗಳಲ್ಲಿ ಟೆಸ್ಟೋಸ್ಟೆರಾನ್ ಮಾಮೂಲಿನಂತೆಯೇ ಇತ್ತು.

ವೀರ್ಯಾಣುಗಳ ಸಂಖ್ಯೆ ಮಾತ್ರ ತೀರಾ ಕುಸಿದಿತ್ತು. ಉಳಿದವುಗಳ ಗುಣವೂ ಕೆಟ್ಟು, ಅಂಡದ ಹೊದಿಕೆ ಭೇದಿಸಲು ಬೇಕಾದ ಕಿಣ್ವಗಳು ಕಡಿಮೆಯಾಗಿದ್ದವು. ಹೆಣ್ಣುಗಳ ಜೊತೆ ಬಿಟ್ಟರೂ ಬಸಿರಾಗಲಿಲ್ಲ. ಲಸಿಕೆ ನಿಲ್ಲಿಸಿದ ಮೇಲೆ ಫಲವಂತಿಕೆ ಮರಳಿತು. ದೀರ್ಘಕಾಲದ ಈ ಫಲಿತಾಂಶ 1992ರಲ್ಲಿ ಪ್ರಕಟವಾಯಿತು. ಗಂಡಸರಿಗೊಂದು ಗರ್ಭನಿರೋಧಕ ಲಸಿಕೆ ಕೈಗೆಟಕುವಂತಿತ್ತು.

1997ರಲ್ಲಿ ಮೂರು ಕಡೆಯಿಂದ ಸುದ್ದಿ ಬಂತು. ಬೆಂಗಳೂರಿನ ಗುಂಪು ಕೆಲವೇ ಗಂಡಸು ಸ್ವಯಂಸೇವಕರ ಮೇಲೆ ಲಸಿಕೆ ಪರೀಕ್ಷಿಸಿ, ಪ್ರತಿಕಾಯ ಹುಟ್ಟಿದ್ದನ್ನೂ ವೀರ್ಯಾಣು ಕಡಿಮೆಯಾದದ್ದನ್ನೂ ವರದಿ ಮಾಡಿತು. ಅಮೆರಿಕದಲ್ಲಿ ಎಫ್‌ಎಸ್‌ಎಚ್ ಜೀನ್ ಕೆಡಿಸಿದ ಗಂಡಿಲಿಗಳ ವೃಷಣ ಸಣ್ಣದಾದರೂ ಮರಿ ಹುಟ್ಟಿಸುವ ಶಕ್ತಿ ಉಳಿದಿತ್ತು. ಫಿನ್‌ಲೆಂಡಿನಲ್ಲಿ ಎಫ್‌ಎಸ್‌ಎಚ್ ಸಂದೇಶ ಹಿಡಿಯುವ ಗ್ರಾಹಕ ಹುಟ್ಟಿನಿಂದಲೇ ಕೆಟ್ಟಿದ್ದ ಐವರು ಗಂಡಸರಲ್ಲಿ ವೀರ್ಯಾಣು ಒಬ್ಬೊಬ್ಬರಿಗೆ ಒಂದೊಂದು ಮಟ್ಟಕ್ಕೆ ಇಳಿದಿತ್ತು, ಯಾರಲ್ಲೂ ಪೂರ್ತಿ ಬತ್ತಿರಲಿಲ್ಲ.

ಮೌದ್ಗಲ್ ಸೋತರು ಎಂದು ಇದನ್ನು ಓದುವವರ ಮಾತು ನಾನು ಒಪ್ಪುವುದಿಲ್ಲ. ಹುಟ್ಟಿನಿಂದ ಎಫ್‌ಎಸ್‌ಎಚ್ ಇಲ್ಲದೆ ಬೆಳೆದ ದೇಹ ಬೇರೆ, ಬೆಳೆದ ಮೇಲೆ ಅದನ್ನು ಕಳೆದುಕೊಂಡ ದೇಹ ಬೇರೆ. ಇಲಿಯೂ ಮಂಗವೂ ಒಂದಲ್ಲ. ಲಸಿಕೆ ಮಾರುಕಟ್ಟೆಗೆ ಬರಲಿಲ್ಲ ನಿಜ. ಆದರೆ ಪಿಟ್ಯುಟರಿ ಕೈಕೊಟ್ಟು ಮಕ್ಕಳಾಗದ ಗಂಡಸರಿಗೆ ಇಂದು ವೈದ್ಯರು ಎಲ್‌ಎಚ್ ಕೆಲಸ ಮಾಡುವ ಎಚ್‌ಸಿಜಿ ಜೊತೆಗೆ ಎಫ್‌ಎಸ್‌ಎಚ್ ಚುಚ್ಚುಮದ್ದನ್ನೂ ತಿಂಗಳುಗಟ್ಟಲೆ ಕೊಡುತ್ತಾರೆ, ಎಷ್ಟೋ ಜನರಲ್ಲಿ ವೀರ್ಯಾಣು ಕಾಣಿಸಿಕೊಳ್ಳುತ್ತದೆ.