ಹಳೇ ಟಾಯ್ ಟ್ರೇನ್ ಎಂಜಿನ್ ಕಂಪ್ಯೂಟರ್‌ನಲ್ಲಿ ‘ನಿಜ’ ಆಗೋದು ಹೇಗೆ?

(ಪಾಡ್‌ಕಾಸ್ಟ್‌ನ ಬರಹ ರೂಪ)

ವಾಟ್ಸಾಪ್‌ನಲ್ಲಿ ಹಳೇ ರೈಲಿನ ಚಿತ್ರ ಬಂದ್ರೆ, ಅದು ಫೋಟೋನಾ, ಕಂಪ್ಯೂಟರ್‌ನಲ್ಲಿ ಮಾಡಿದ್ದಾ ಅಂತ ಈಗ ಥಟ್ಟನೆ ಹೇಳೋಕಾಗಲ್ಲ. ಹಾಗೆ ಮಾಡಿದ ಚಿತ್ರಕ್ಕೆ ರೆಂಡರ್ ಅಂತಾರೆ. ಅದು ನಿಜದ ಥರ ಕಾಣೋದು ಹೇಗೆ, ಹಾಗೆ ಕಂಡಾಗ ನಮ್ಮ ಜವಾಬ್ದಾರಿ ಏನು, ಇವೆರಡೇ ಇವತ್ತಿನ ವಿಷಯ.

ಉದಾಹರಣೆಗೆ ಡಾರ್ಜಿಲಿಂಗ್‌ನ ಬಿ ಕ್ಲಾಸ್ ಉಗಿ ಎಂಜಿನ್ ತಗೊಳ್ಳೋಣ. ಆ ರೈಲುಮಾರ್ಗ ಶುರುವಾಗಿದ್ದು 1881ರಲ್ಲಿ. 1999ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಬಿ ಕ್ಲಾಸ್ ಎಂಜಿನ್‌ಗಳು ಬಂದಿದ್ದು 1889ರಿಂದ. ಮೊದಲು ಮಾಡಿಕೊಟ್ಟಿದ್ದು ಬ್ರಿಟನ್ನಿನ ಶಾರ್ಪ್ ಸ್ಟೀವರ್ಟ್ ಕಂಪನಿ.

ಮೊದಲು ಅಳತೆ

ಇಲ್ಲಿ ಹಳಿಗಳ ನಡುವಿನ ಅಂತರ 610 ಮಿಲಿಮೀಟರ್, ಅಂದ್ರೆ ಎರಡೇ ಅಡಿ. ನಮ್ಮ ಬ್ರಾಡ್‌ಗೇಜ್ 1,676. ಎಂಜಿನ್ನಿನ ಮೈ ಮಾತ್ರ ಹಳಿಗಿಂತ ಸಾಕಷ್ಟು ಆಚೆ ಚಾಚಿರುತ್ತೆ. ದೊಡ್ಡ ರೈಲನ್ನೇ ಸಣ್ಣದು ಮಾಡಿ ಕೂರಿಸಿದ್ರೆ ಆ ಗತ್ತು ಬರಲ್ಲ, ಆಟಿಕೆ ಥರ ಕಾಣುತ್ತೆ.

ನಕ್ಷೆ ಸಿಗದಿದ್ರೆ ಹಳೇ ಫೋಟೋನೇ ಗತಿ. ಎದುರಿಂದ ತೆಗೆದ ಫೋಟೋದಲ್ಲಿ ಆ 610 ನಮ್ಮ ಅಳತೆ ಕೋಲು. ಅದರ ಲೆಕ್ಕದಲ್ಲಿ ಬೇರೆ ಭಾಗ ಅಳೀಬಹುದು. ಆದ್ರೆ ಕ್ಯಾಮೆರಾದಿಂದ ಅಷ್ಟೇ ದೂರದಲ್ಲಿರೋ ಭಾಗಗಳನ್ನ ಮಾತ್ರ. ಹಿಂದಿನದು ಚಿಕ್ಕದಾಗಿ ಕಾಣೋದ್ರಿಂದ ಲೆಕ್ಕ ತಪ್ಪುತ್ತೆ.

ಬಣ್ಣದ ಮೋಸ

ಕಪ್ಪು-ಬಿಳುಪು ಫೋಟೋದಲ್ಲಿ ಕಪ್ಪಗಿದೆ ಅಂದ್ರೆ ಎಂಜಿನ್ ಕಪ್ಪೇ ಆಗಿತ್ತು ಅಂತಲ್ಲ. ಆಗಿನ ಬಹಳಷ್ಟು ಪ್ಲೇಟ್, ಫಿಲ್ಮ್‌ಗಳಿಗೆ ಕೆಂಪು ಬೆಳಕು ಸರಿಯಾಗಿ ದಾಖಲಾಗ್ತಾನೇ ಇರಲಿಲ್ಲ. ಹಾಗಾಗಿ ಕೆಂಪು ಕಪ್ಪಾಗಿಯೂ ನೀಲಿ ಬಿಳಿಚಿಕೊಂಡೂ ಕಾಣ್ತಿತ್ತು. ಫೋಟೋ ನೋಡಿ ಬಣ್ಣ ತುಂಬೋ ಮುಂಚೆ ಇದು ನೆನಪಿರಲಿ.

ಕೊಳೆಗೂ ಕಾರಣ ಇರುತ್ತೆ

ಬ್ಲೆಂಡರ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಪ್ರತಿ ಮೇಲ್ಮೈಗೂ ಮುಖ್ಯವಾಗಿ ಮೂರು ವಿಷಯ ಹೇಳ್ಬೇಕು: ಬಣ್ಣ ಏನು, ಲೋಹಾನಾ ಅಲ್ವಾ, ಎಷ್ಟು ಒರಟು. ಮೂರನೆಯದೇ ನಿಜವಾದ ಆಟ. ಎಣ್ಣೆ ಸವರಿದ ಉಕ್ಕಿನ ರಾಡ್ ಹೊಳೆಯುತ್ತೆ. ಹೊಗೆಗೂಡಿನ ಮುಂಭಾಗ ಶಾಖಕ್ಕೆ ಬೆಂದು ಮಂಕಾಗಿರುತ್ತೆ. ಎರಡೂ ಬೆಳಕನ್ನ ವಾಪಸ್ ಕಳಿಸೋ ರೀತಿ ಬೇರೆ. ಇನ್ನೊಂದು, ಕತ್ತಿ ಅಲಗಿನಷ್ಟು ಚೂಪಾದ ಅಂಚು ನಿಜವಾದ ಯಂತ್ರದಲ್ಲಿ ಇರಲ್ಲ. ಒಂದೆರಡು ಮಿಲಿಮೀಟರ್ ಅಂಚು ಮಾಸಿದ್ರೆ ಸಾಕು, ಅಲ್ಲಿ ಬೆಳಕಿನ ಸಣ್ಣ ಗೆರೆ ಮೂಡುತ್ತೆ, ಕಣ್ಣು ನಂಬುತ್ತೆ.

‘ಹಳೇದು’ ಅಂದ ತಕ್ಷಣ ಮೈತುಂಬಾ ತುಕ್ಕು ಬಳಿಯೋರು ಜಾಸ್ತಿ. ಆದ್ರೆ ದಿನಾ ಓಡೋ ಎಂಜಿನ್ನನ್ನ ದಿನಾ ಒರೆಸ್ತಾರೆ, ಎಣ್ಣೆ ಹಾಕ್ತಾರೆ. ಮೈತುಂಬಾ ತುಕ್ಕು ಇರೋದು ಮೂಲೆಗೆ ಬಿಟ್ಟ ಎಂಜಿನ್ನಿಗೆ. ಡಾರ್ಜಿಲಿಂಗ್ ಏರಿನಲ್ಲಿ ಚಕ್ರ ಜಾರದಂತೆ ಹಳಿ ಮೇಲೆ ಮರಳು ಹಾಕೋಕೆ ಆಳುಗಳು ಎಂಜಿನ್ನಿನ ಮುಂದೆಯೇ ಕೂತಿರ್ತಿದ್ರು. ಹಾಗಾದ್ರೆ ಪೇಂಟ್ ಸವೆಯೋದು ಎಲ್ಲಿ? ಅವರ ಕಾಲು ಊರೋ ಜಾಗದಲ್ಲಿ, ಕೈ ಹಿಡಿಯೋ ಕಂಬಿಯಲ್ಲಿ. ಚಕ್ರ ಹಳಿಗೆ ತಾಗೋ ಭಾಗ ಉಜ್ಜಿ ಉಜ್ಜಿ ಬೆಳ್ಳಗಿರುತ್ತೆ. ನೀರಿನ ಟ್ಯಾಂಕ್ ಮುಚ್ಚಳದಿಂದ ಕೆಳಗೆ ಸೋರಿದ ಗುರುತು. ಅಲ್ಲಿ ಕೆಲಸ ಮಾಡಿದೋರನ್ನ ನೆನೆಸ್ಕೊಂಡ್ರೆ ಕೊಳೆ ತಾನಾಗೇ ಸರಿಯಾದ ಜಾಗಕ್ಕೆ ಬರುತ್ತೆ. ಕೊನೆಗೆ ಬೆಳಕು: ಮೋಡ ಕವಿದ ಬೆಟ್ಟಕ್ಕೆ ಚೂಪು ನೆರಳು ಬೇಡ, ಹರಡಿದ ಬೆಳಕು ಸಾಕು.

ವೋಚರ್ ಎಲ್ಲಿ?

ನಾನು ಬಿಕಾಂ ಓದಿದೋನು. ಲೆಕ್ಕದ ಪುಸ್ತಕದಲ್ಲಿ ಪ್ರತಿ ಎಂಟ್ರಿಗೂ ವೋಚರ್ ಕೇಳೋದು ನಮ್ಮ ಅಭ್ಯಾಸ. ರೆಂಡರ್‌ಗೂ ಅದೇ ನ್ಯಾಯ ಅನ್ನೋದು ನನ್ನ ವಾದ. ಚಿಮಣಿ ಎತ್ತರಕ್ಕೆ ಫೋಟೋ ಇದೆಯಾ? ಹಿಂಬದಿಯ ಫೋಟೋನೇ ಇಲ್ಲದಿದ್ರೆ ಅದು ಊಹೆ. ಊಹೆ ಮಾಡ್ಬಾರದು ಅಂತಲ್ಲ, ಮಾಡ್ಲೇಬೇಕಾಗುತ್ತೆ. ಊಹೆ ಅಂತ ಬರೀಬೇಕು.

ಇದು ಯಾಕೆ ಮುಖ್ಯ? ಡಾರ್ಜಿಲಿಂಗ್‌ನಲ್ಲಿ ಬಿ ಕ್ಲಾಸ್ ಎಂಜಿನ್ ಇನ್ನೂ ಉಳಿದಿದೆ, ಹೋಗಿ ನೋಡಿ ತಿದ್ಕೋಬಹುದು. ನಮ್ಮ ಬಂಗಾರಪೇಟೆ-ಕೋಲಾರ ಮಾರ್ಗವೂ ಒಂದು ಕಾಲಕ್ಕೆ ನ್ಯಾರೋಗೇಜೇ, 762 ಮಿಲಿಮೀಟರ್, ಈಗ ಬ್ರಾಡ್‌ಗೇಜ್. ಆ ಕಾಲದ ಬೋಗಿಯನ್ನ ಯಾರಾದ್ರೂ ಚೆನ್ನಾಗಿ ರೆಂಡರ್ ಮಾಡಿ ಹಾಕಿದ್ರೆ, ಎರಡೇ ದಿನದಲ್ಲಿ ‘ಅಪರೂಪದ ಹಳೇ ಫೋಟೋ’ ಅಂತ ಫಾರ್ವರ್ಡ್ ಆಗಿರುತ್ತೆ. ಆ ರೈಲು ಹತ್ತಿದ ತಲೆಮಾರು ಹೋದ್ಮೇಲೆ, ಹಾಗಿರಲಿಲ್ಲಪ್ಪಾ ಅನ್ನೋಕೆ ಯಾರೂ ಇರಲ್ಲ. ಚಿತ್ರ ಎಷ್ಟು ಚೆನ್ನಾಗಿರುತ್ತೋ ಅಷ್ಟು ಅಪಾಯ.

ಹಾಗಾಗಿ ಮಾಡೋರಿಗೆ ಒಂದು ಮಾತು: ಚಿತ್ರದ ಮೂಲೆಯಲ್ಲೇ ‘ಕಂಪ್ಯೂಟರ್ ಚಿತ್ರ’ ಅಂತ ಹಾಕಿ. ನೋಡೋರಿಗೆ: ಫಾರ್ವರ್ಡ್ ಮಾಡೋ ಮುಂಚೆ ಆ ಮೂಲೆ ನೋಡಿ. ಇನ್ನು ಮನೇಲಿ ಆ ರೈಲು ಹತ್ತಿದ ಅಜ್ಜಿನೋ ತಾತನೋ ಇದ್ರೆ, ಬೋಗಿಯ ಸೀಟು ಹೇಗಿತ್ತು, ಯಾವ ಬಣ್ಣ ಅಂತ ಕೇಳಿ ಫೋನಲ್ಲೇ ರೆಕಾರ್ಡ್ ಮಾಡ್ಕೊಳ್ಳಿ. ಅದೂ ಒಂದು ವೋಚರ್ರೇ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.